ಮಂಗೋಲಿಯಾ, ಸ್ವೀಡನ್ ಮತ್ತು ನಮ್ಮವ್ವನ ಕುರಿಮಾತು

ನನಗೆ ಇವತ್ತಿಗೂ ಮೈ ಉರಿಯುವುದು ಆ ನಗುವನ್ನು ನೆನೆದಾಗ. ಅದರಲ್ಲಿ ನನ್ನ ನಗುವೂ ಇತ್ತು ಅನ್ನುವುದು ಗೊತ್ತಿದ್ದೂ ಉರಿಯುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಬಿ.ಎ. ಮುಗಿಸಿದ ಹೊಸತು, ವಾಯಿಲ್ ಸೀರೆ, ಮುಖಕ್ಕೂ ಕುತ್ತಿಗೆಗೂ ಘಮಘಮ ಪೌಡರು, ಕಾಲು ನೆಲದ ಮೇಲೆ ಇರಲಿಲ್ಲ. ನನ್ನನ್ನು ಓದಿಸಿದವಳು ಹಿರೇಗುಂಟನೂರಿನ ಹತ್ತಿರದ ಹಟ್ಟಿಯಲ್ಲಿ ಕುರಿ ಸಾಕುತ್ತಿದ್ದ ಅವ್ವ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಪಟ್ಟಣದಲ್ಲಿ ಯಾರಾದರೂ ಮನೆ ಕಡೆ ಏನು ಮಾಡುತ್ತಾರೆ ಎಂದು ಕೇಳಿದರೆ ‘ಜಮೀನಿದೆ’ ಎನ್ನುತ್ತಿದ್ದೆ. ಕುರಿ ಇದೆ ಅನ್ನಲು ನನಗೇನು ದಾಡಿಯಾಗಿತ್ತೋ.

ಆ ವರ್ಷ ಸ್ವೀಡನ್ ದೇಶದ ಒಬ್ಬ ಭಾಷಾಪಂಡಿತ ದುರ್ಗಕ್ಕೆ ಬಂದ. ಮಂಗೋಲಿಯಾದಲ್ಲಿ ಕುರಿಗಾರರ ಜೊತೆ ಇದ್ದು, ಅವರ ಭಾಷೆಯನ್ನೂ ತನ್ನ ಭಾಷೆಯನ್ನೂ ಹೋಲಿಸಿ ನೋಡುತ್ತಿದ್ದವನು. ಅವನನ್ನು ಕರೆಸಿದ್ದವರು ಇಲ್ಲಿನ ಒಬ್ಬ ಕನ್ನಡ ಪ್ರಾಧ್ಯಾಪಕರು. ಭಾಷಣಕ್ಕೆ ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ.

ಸ್ವೀಡನ್ನಿನ ಮಾತಿನಲ್ಲಿ ಕ್ರಿಯಾಪದಕ್ಕೆ ಎರಡನೆಯ ಜಾಗವಂತೆ. ಮಂಗೋಲಿಯಾದವರು ಅದನ್ನು ಕೊನೆಗೆ ಇಡುತ್ತಾರಂತೆ, ಥೇಟು ನಮ್ಮ ಹಾಗೆ. ಸ್ವೀಡನ್ನಿನದು ಏರಿಳಿಯುವ ರಾಗ. ಮಂಗೋಲಿಯಾದ ಮಾತಿನಲ್ಲಿ ಪದದ ಮೊದಲ ಸ್ವರ ಹೇಗೋ ಉಳಿದ ಸ್ವರಗಳೂ ಅದಕ್ಕೆ ಹೊಂದಿಕೊಂಡು ನಡೆಯಬೇಕು. ಮಂಗೋಲಿಯಾದಲ್ಲಿ ಮರಿಗೊಂದು ಹೆಸರು, ವರ್ಷದ ಕುರಿಗೊಂದು, ಎರಡು ವರ್ಷದ್ದಕ್ಕೆ ಇನ್ನೊಂದು. ನಮ್ಮಲ್ಲೂ ಹಲ್ಲು ಎಣಿಸಿ ಎರಡಲ್ಲಿಂದು, ನಾಲ್ಕಲ್ಲಿಂದು, ಬಾಯ್ಗೂಡಿದ್ದು ಅಂತ ಇಲ್ಲವೇ ಎಂದು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಆಮೇಲೆ ಟೇಪ್ ಹಾಕಿದ. ಮೊದಲು ಅವನ ಊರಿನ ಹೆಂಗಸರು ಬೆಟ್ಟದಲ್ಲಿ ದನ, ಮೇಕೆ ಕರೆಯುವ ಸದ್ದು. ಕಿವಿ ಚುಚ್ಚುವಷ್ಟು ಎತ್ತರದ ದನಿ. ಆಮೇಲೆ, ಮರಿಯನ್ನು ಒಲ್ಲದ ಕುರಿಗೆ ಮಂಗೋಲಿಯಾದ ಮುದುಕಿಯೊಬ್ಬಳು ಹೇಳುವ ಸಮಾಧಾನ. ‘ತೋಯ್ಗ್, ತೋಯ್ಗ್’ ಎಂದು ಒಂದೇ ಸಮ ಹಾಡುತ್ತಿದ್ದಳು. ನಮ್ಮವ್ವನೂ ಕುಕ್ಕರಗಾಲಿನಲ್ಲಿ ಕೂತು ಕುರಿಗೆ ಹೀಗೇ ಹೇಳುತ್ತಿದ್ದಳು.

“ನಿಮ್ಮ ಕಡೆ ಇಂಥದ್ದು ಇದೆಯೇ?” ಎಂದು ಅವನು ಪ್ರಾಧ್ಯಾಪಕರನ್ನು ಕೇಳಿದ.

“ನಮ್ಮ ಕುರಿ ಕಾಯುವವರಿಗೆ ಎಲ್ಲಿಯ ಭಾಷೆ? ಹುರ್ರ್, ಹೋ, ಅಷ್ಟೆ” ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿದೆ. ತಿರುಗಿ ಅವರಿಬ್ಬರ ಹತ್ತಿರ ಹೋಗಿ, ಅಂಥ ಮಾತು ಬಲ್ಲವಳೊಬ್ಬಳು ಹಿರೇಗುಂಟನೂರಿನ ಹತ್ತಿರ ಇದ್ದಾಳೆ, ನನಗೆ ಪರಿಚಯದ ಹೆಂಗಸು, ಎಂದೆ. ಪರಿಚಯದ ಹೆಂಗಸಂತೆ. ಆ ಬಾಯಿಗೆ ಹುಳ ಬೀಳಬೇಕಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಜೀಪಿನಲ್ಲಿ ಹೋದೆವು. ಅವ್ವ ಕುರಿರೊಪ್ಪದ ಬಾಗಿಲಲ್ಲಿ ನಿಂತಿದ್ದಳು. “ಬಾರವ್ವ. ಬರ್ರಿ, ಕುಂತ್ಕಳ್ರಿ” ಎಂದಳು. ನಮ್ಮ ಕಡೆ ಯಾವ ಹೆಣ್ಣುಮಗಳು ಬಂದರೂ ‘ಬಾರವ್ವ’ ಅನ್ನುವುದೇ ರೂಢಿ, ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಬಂದ ಕೆಲಸ ಹೇಳಿದೆ.

“ಮರಿ ಒಲ್ಲೆ ಅನ್ನೋ ಕುರಿ ಇವತ್ತು ಯಾವ್ದೂ ಇಲ್ಲ” ಎಂದಳು ಅವ್ವ. “ಸುಮ್‌ಸುಮ್ಕೆ ಅದನ್ನ ಹೇಳಬಾರ್ದು. ಕೂಸಿಲ್ಲದ ತೊಟ್ಲು ತೂಗ್ತಾರೇನವ್ವ?”

ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಸ್ವೀಡನ್ನಿನವನಿಗೆ ಅದು ಅರ್ಥವಾಯಿತು. ಮಂಗೋಲಿಯಾದಲ್ಲೂ ಅವನು ಕುರಿ ಈಯುವ ಕಾಲದವರೆಗೆ ಕಾದಿದ್ದನಂತೆ. ಇನ್ನೊಮ್ಮೆ ಬರೋಣ ಎಂದು ಟೇಪ್ ರೆಕಾರ್ಡರಿನ ಪೆಟ್ಟಿಗೆ ಮುಚ್ಚತೊಡಗಿದ. ಪ್ರಾಧ್ಯಾಪಕರು ನನ್ನತ್ತ ತಿರುಗಿ, “ಬರಲ್ಲ ಅನ್ನೋದಕ್ಕೆ ಇದೊಂದು ನೆಪ. ನಾನು ಅವತ್ತೇ ಹೇಳ್ಲಿಲ್ವಾ?” ಎಂದು ಮತ್ತೆ ಅದೇ ನಗೆ ನಕ್ಕರು.

ನನ್ನ ತಲೆ ಕೆಟ್ಟಿತು. ರೊಪ್ಪದ ಮೂಲೆಯಲ್ಲಿ ಚೊಚ್ಚಲ ಕುರಿಯೊಂದು ಆಗ ತಾನೇ ಈದಿತ್ತು. ಮರಿ ಇನ್ನೂ ಒದ್ದೆ. ನೆಟ್ಟಗೆ ಹೋಗಿ ಅದನ್ನು ಎತ್ತಿಕೊಂಡೆ, ಸೆರಗಿನಿಂದ ಗಸಗಸ ಒರೆಸಿದೆ, ಎದೆಗೆ ಒತ್ತಿ ಹಿಡಿದೆ. ತಾಯಿ ನೆಕ್ಕುವ ಮೊದಲು ಮರಿಯನ್ನು ಮುಟ್ಟಬಾರದು ಅನ್ನುವುದು ನಮ್ಮ ಹಟ್ಟಿಯಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಕೆಳಗೆ ಬಿಟ್ಟಾಗ ಕುರಿ ಮೂಸಿತು, ಕಾಲು ಕುಟ್ಟಿತು, ತಲೆಯಿಂದ ಗುದ್ದಿತು. ಮರಿ ಉರುಳಿ ಬಿತ್ತು.

“ಮುಟ್ಟಿದ್ಯಾ?” ಎಂದಳು ಅವ್ವ.

“ಮುಟ್ಟಿದೆ.”

ಬಂದವರ ಮುಂದೆ ಬಯ್ಯಲಿಲ್ಲ. ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ತಾಯಿಹಾಲು ಸಿಗದಿದ್ದರೆ ಆ ಮರಿ ಸಂಜೆಯ ಹೊತ್ತಿಗೆ ಉಳಿಯುತ್ತಿರಲಿಲ್ಲ. ಅವ್ವ ಕುರಿ ಈದಾಗ ನೆಲಕ್ಕೆ ಬಿದ್ದ ಮೈನೀರನ್ನೇ ಬಳಿದು ಮರಿಗೆ ಸವರಿದಳು, ಮೇಲೆ ಉಪ್ಪು ಉಜ್ಜಿದಳು, ಕುರಿಯ ಕೊರಳು ತಬ್ಬಿ ಕೂತು ಶುರು ಮಾಡಿದಳು.

“ತೋ ತಾಯಿ, ತೋ. ನಿಂದೇ ಕಣೆ ಇದು, ಬ್ಯಾರೆಯೋರ್ದಲ್ಲ. ಹೊರಗಿನ ವಾಸ್ನೆ ಹತ್ತೈತೆ, ಅಷ್ಟೇಯ. ವಾಸ್ನೆ ಬ್ಯಾರೆ ಆದ್ರೆ ಕರುಳು ಬ್ಯಾರೆ ಆಗ್ತೈತಾ? ತೋ ತಾಯಿ, ಮೂಸು. ತೊಳದ್ರೆ ಹೋಗ್ತೈತೆ ಆ ವಾಸ್ನೆ. ದೂಡಬ್ಯಾಡ. ನೀನು ದೂಡಿದ್ರೆ ಅದು ಇನ್ನೆಲ್ಲಿಗೆ ಹೋಗ್ಬೇಕು?”

ಸ್ವೀಡನ್ನಿನವನು ಸದ್ದಿಲ್ಲದೆ ಟೇಪ್ ತಿರುಗಿಸಿದ್ದ. ಬಿಸಿಲು ನೆತ್ತಿಗೆ ಬರುವ ತನಕ ಅವ್ವ ನಿಲ್ಲಿಸಲಿಲ್ಲ. ಕುರಿ ನಾಲ್ಕು ಸಲ ಗುದ್ದಿತು. ಐದನೆಯ ಸಲ ಉಪ್ಪು ನೆಕ್ಕಿತು, ಇನ್ನೊಮ್ಮೆ ನೆಕ್ಕಿತು, ಕೊನೆಗೆ ನಿಂತು ಹಾಲು ಕೊಟ್ಟಿತು. ಮರಿ ಬಾಲ ಅಲ್ಲಾಡಿಸುತ್ತ ಕುಡಿಯಿತು.

ಅವನು ಅರ್ಥ ಕೇಳಿದ. ನಾನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಊರಿನವರು ದೂರದಿಂದ ಕೂಗಿ ಕರೆಯುತ್ತಾರೆ, ಮಂಗೋಲಿಯಾದವರು ಹಾಡಿ ಒಲಿಸುತ್ತಾರೆ, ಈಕೆ ಕುರಿಯ ಜೊತೆ ನ್ಯಾಯ ಮಾತಾಡುತ್ತಿದ್ದಾಳೆ, ಎಂದ.

ಪ್ರಾಧ್ಯಾಪಕರಿಗೆ ಇದು ಯಾವುದೂ ತಾಕಲಿಲ್ಲ. “ಮಧ್ಯೆ ನಾಯಿ ಬೊಗಳಿಬಿಡ್ತು ನೋಡಮ್ಮ. ಆ ಮುದುಕಿಗೆ ಹೇಳು, ಇನ್ನೊಂದ್ಸಲ ಒದರ್ಲಿ” ಎಂದರು.

“ಮುದುಕಿ ಅನ್ಬೇಡಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಅದು ನಮ್ಮವ್ವ. ನನ್ನ ಹೆತ್ತವಳು. ಅವಳು ಒದರೋದಲ್ಲ, ಮಾತಾಡೋದು. ನಿಮ್ಮ ಹತ್ರ ಇಲ್ಲದ ಮಾತು.”

ಅವರು ಪೆಚ್ಚಾದರು. “ಪರಿಚಯದ ಹೆಂಗಸು ಅಂದಿದ್ದೆಯಲ್ಲಮ್ಮ ನೀನು?” ಎಂದು ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಅವ್ವ ಬಕೆಟ್ಟಿನ ಹತ್ತಿರ ಬಗ್ಗಿ ಕೈಗೆ ಅಂಟಿದ ಉಪ್ಪು ತೊಳೆಯುತ್ತಿದ್ದಳು. ತಲೆ ಎತ್ತಿದಳು. ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಹೇಳಿರ್ಲಿಲ್ಲೇನು?” ಎಂದಳು.