ಮೊದಲು ಕೊಟ್ಟಿಗೆ ನೋಡಿದ ಕೋದಂಡಪ್ಪನವರು

ಬಂಗಾರಪೇಟೆ ಸೀಮೆಯಲ್ಲಿ ಹೊಸ ರಾಗಿ ತಳಿ ಇಂದು ಹೊಲಹೊಲಕ್ಕೂ ಹಬ್ಬಿದ್ದರೆ, ಅದರ ಹಿಂದೆ ವ್ಯವಸಾಯ ಇಲಾಖೆಯ ಇನ್‌ಸ್ಪೆಕ್ಟರ್ ಶ್ರೀ ಕೋದಂಡಪ್ಪನವರ ಎರಡು ದಶಕಗಳ ಅಲೆದಾಟವಿದೆ. ಈ ವರ್ಷ, ಅಂದರೆ ೧೯೪೫ರಲ್ಲಿ, ನಿವೃತ್ತರಾಗುತ್ತಿರುವ ಆ ಹಿರಿಯರ ಬಗ್ಗೆ, ಅವರಿಂದ ಉಪಕೃತವಾದ ಮನೆಯ ಮಗನಾಗಿ ಬರೆಯುವ ಭಾಗ್ಯ ಶಾಲಾ ಉಪಾಧ್ಯಾಯನಾದ ನನ್ನದಾಗಿದೆ.

ಅವರು ಮೊದಲು ನಮ್ಮೂರಿಗೆ ಬಂದು ಹೊಸ ತಳಿಯ ಗುಣ ಹೇಳಿದಾಗ ರೈತರೆಲ್ಲ ಒಪ್ಪಿ ತಲೆಯಾಡಿಸಿದರು; ಬಿತ್ತನೆಯ ಕಾಲಕ್ಕೆ ಮಾತ್ರ ಯಾರೂ ಹೊಸ ಬೀಜ ಮುಟ್ಟಲಿಲ್ಲ. ಅವರ ಮಾತು ನಂಬಿದವರು ನನ್ನ ತಾಯಿ ಅಕ್ಕಯ್ಯಮ್ಮನವರೊಬ್ಬರೇ. ತಂದೆ ತೀರಿಕೊಂಡ ಮೇಲೆ ಅವರು ಎರಡು ಹಸು ಕಟ್ಟಿ, ಬೆಳಗಿನ ರೈಲಿನಲ್ಲಿ ಚಿನ್ನದ ಗಣಿಯ ಊರಾದ ಮಾರಿಕುಪ್ಪಂಗೆ ಹಾಲು ಒಯ್ದು ಮಾರಿ ಮನೆ ನಡೆಸುತ್ತಿದ್ದರು. ಆ ವರ್ಷ ಹೊಲಕ್ಕೆಲ್ಲ ಹೊಸ ರಾಗಿಯನ್ನೇ ಬಿತ್ತಿದರು.

ಕಾಳು ಹಿಂದೆಂದೂ ಕಾಣದಷ್ಟು ಬಂತು. ಆದರೆ ತೆನೆ ದಪ್ಪ, ಪೈರು ಗಿಡ್ಡ; ಹುಲ್ಲು ಕಡಿಮೆ. ಶಿವರಾತ್ರಿ ಕಳೆಯುವಷ್ಟರಲ್ಲಿ ಹುಲ್ಲಿನ ಬಣವೆ ಬರಿದಾಯಿತು. ಹಸುಗಳನ್ನು ಸಂತೆಗೆ ಹೊಡೆಯಲು ತಾಯಿ ನಿಶ್ಚಯಿಸಿದ್ದ ವಾರವೇ ಕೋದಂಡಪ್ಪನವರು ಬೆಳೆಯ ವಿಚಾರ ಕೇಳಲು ಬಂದರು.

“ಕಾಳು ಬಂದೈತೆ ಸ್ವಾಮಿ, ಇಲ್ಲ ಅನ್ನಲ್ಲ. ನಮ್ಮೊಟ್ಟೆ ತುಂಬೈತೆ, ದನದೊಟ್ಟೆ ಯಾರು ತುಂಬ್ತಾರೆ?” ಎಂದರು ತಾಯಿ.

ಕೋದಂಡಪ್ಪನವರು ವಾದ ಹೂಡಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯನ್ನು ನೋಡಿ ಬಂದು, “ತಪ್ಪು ನಂದಮ್ಮ. ಹೊಲ ನೋಡಿ ಬೀಜ ಕೊಟ್ಟೆ, ಇಲ್ಲಿ ಬಂದು ನೋಡ್ಬೇಕಿತ್ತು” ಎಂದರು. ಸಂತೆಯ ದಿನಕ್ಕೆ ಮೊದಲೇ ತಮ್ಮ ಸ್ವಂತ ಮನೆಯ ಹುಲ್ಲನ್ನು ಗಾಡಿಗೆ ಹೇರಿ, ತಾವೇ ಹೊಡೆದುಕೊಂಡು ಬಂದರು. ಹಸುಗಳು ನಮ್ಮಲ್ಲೇ ಉಳಿದವು. ಗಾಡಿಯಿಂದ ಹುಲ್ಲು ಇಳಿಸುತ್ತಿದ್ದ ಸರ್ಕಾರಿ ಅಧಿಕಾರಿಯನ್ನು ಊರು ನಿಂತು ನೋಡಿತು.

ಮರುವರ್ಷ ಅರ್ಧ ಹೊಲಕ್ಕೆ ಹೊಸ ರಾಗಿ, ಉಳಿದರ್ಧಕ್ಕೆ ಹಳೆಯದು, ಬದುವಿನುದ್ದಕ್ಕೂ ಮೇವಿನ ಜೋಳ ಹಾಕುವಂತೆ ಅವರೇ ಹೇಳಿದರು. ಹಳೆಯ ಬೀಜಕ್ಕೆ ಶಿಫಾರಸು ಮಾಡಿದರೆಂದು ಮೇಲಧಿಕಾರಿಯೊಬ್ಬರು ಸಿಟ್ಟಾದ್ದರಿಂದ ಕೋದಂಡಪ್ಪನವರ ಬಡ್ತಿ ಬಹುಕಾಲ ನಿಂತಿತು. ಅವರು ಅದನ್ನು ನಮ್ಮೆದುರು ಎಂದೂ ಆಡಲಿಲ್ಲ. ನಾವು ತಿಳಿದದ್ದು ಬೇರೆಯವರಿಂದ. ಅಂದಿನಿಂದ ಯಾವ ಊರಿಗೆ ಹೋದರೂ ಹಾಲು ಕರೆಯುವ ಹೆಂಗಸರನ್ನು ವಿಚಾರಿಸಿಯೇ ಗಂಡಸರ ಸಭೆ ಸೇರಿಸುತ್ತಿದ್ದರು. ನಮ್ಮ ಹಸುಗಳು ಮೈದುಂಬಿಕೊಂಡದ್ದನ್ನು ಕಂಡು ನೆರೆಯ ಮುನಿನಾರಾಯಣಪ್ಪನವರು ಬೀಜ ಕೇಳಿದರು. ಬಳಿಕ ಊರೇ ಕೇಳಿತು.

ಪೂಜ್ಯರಿಗೆ ಭಗವಂತನು ನೂರು ವರ್ಷದ ಆಯುಸ್ಸನ್ನೂ ಹೊಲದ ಬದುವಿನ ಮೇಲೆ ನಡೆಯುವ ಕಾಲ್ಬಲವನ್ನೂ ಕರುಣಿಸಲಿ. ಈ ಲೇಖನ ಬರೆಯಲು ಕುಳಿತಾಗ, ಏನು ಬರೆಯಲೆಂದು ತಾಯಿಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟೇ: “ಸರ್ಕಾರದೋರು ಅವರನ್ನ ಬಿಟ್ರೆ ಬಿಡ್ಲಿ. ನೀವು ನಮ್ಮೂರ್ಗೆ ಬರೋದು ಬಿಡ್ಬ್ಯಾಡಿ ಅಂತ ಬರಿ.”