ಓಪಲ್‌ಗೆ ಸಿಕ್ಕ ಚಪ್ಪಾಳೆ

ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಓಪಲ್ ಸ್ಟಿಲ್ಟ್ನರ್ ಗಣಿ ಕಾರ್ಮಿಕರ ಮುಷ್ಕರದಲ್ಲಿ ಗೇಟಿನ ಮುಂದೆ ಕಲ್ಲಿದ್ದಲು ಲಾರಿಗೆ ಅಡ್ಡ ಮಲಗಿದವಳು. ಪಕ್ಕದಲ್ಲಿ ನಾನೂ ಇದ್ದೆ. ಪೊಲೀಸರು ಬಂದಾಗ ನಾನು ಅರಚಾಡಿದೆ; ಅವಳು ಮೈಯೆಲ್ಲ ಸಡಿಲ ಬಿಟ್ಟು ಹೆಣದ ಹಾಗೆ ಬಿದ್ದುಕೊಂಡಳು. ಎತ್ತುವವರಿಗೆ ಬೆವರಿಳಿಯಿತು. ಅಂಥವಳು ಹೋದ ಮೇ ತಿಂಗಳು ಒಂದು ಊಟದ ಮೇಜಿನ ಮುಂದೆ ಸುಣ್ಣದ ಹಾಗೆ ಬಿಳುಚಿಕೊಂಡಿದ್ದನ್ನು ಕಣ್ಣಾರೆ ಕಂಡೆ.

ಅವಳ ಮಗಳು ಕೆಂಡ್ರಾ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಳು. ನರ್ಸಿಂಗ್ ಓದುವ ಆಸೆ. ಕಾಲೇಜಿನವರು ಫೀಸಿನಲ್ಲಿ ಒಂದಿಷ್ಟು ಬಿಟ್ಟುಕೊಟ್ಟರೂ ಉಳಿದದ್ದನ್ನು ಕಟ್ಟುವುದು ಮೋಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಿಸುವ ವಿಧವೆಯ ಕೈಲಾಗುವ ಮಾತಲ್ಲ. ಹಾಗಾಗಿ ತಾಯಿ ಬೇಟೆಗಿಳಿದಳು. ಬ್ಯಾಂಕು, ಚರ್ಚು, ಫೈರ್ ಸ್ಟೇಷನ್ನು, ಶವಪೆಟ್ಟಿಗೆ ಅಂಗಡಿ, ಎಲ್ಲಿ ಸ್ಕಾಲರ್‌ಶಿಪ್ಪಿನ ಚೀಟಿ ಅಂಟಿಸಿದ್ದರೂ ಅಲ್ಲಿಗೆ ನುಗ್ಗಿದಳು.

"ದೊಡ್ಡ ದೊಡ್ಡವಕ್ಕೆ ದೇಶದ ಮಕ್ಳೆಲ್ಲ ಬಾಯ್ಬಿಟ್ಕೊಂಡು ಕೂತಿರ್ತಾರೆ ಕಣಕ್ಕ. ಹೆಣದ ಪೆಟ್ಗೆಯವನ ಹತ್ರ ಯಾರು ಹೋಗ್ತಾರೆ?" ಎನ್ನುತ್ತಿದ್ದಳು.

ನಿಜವೇ. ಅಲ್ಲಿ ಅರ್ಜಿ ಹಾಕಿದವಳು ಕೆಂಡ್ರಾ ಒಬ್ಬಳೇ, ಗೆದ್ದವಳೂ ಅವಳೇ.

ಇಂಥ ಚಿಲ್ಲರೆ ಗೆಲುವು ಸಾಲದು. ಪಟ್ಟಣದ ಮಹಿಳಾ ಸಂಘದ ದೊಡ್ಡ ಮೊತ್ತ ಬಂದರೆ ಕಾಲೇಜು, ಇಲ್ಲದಿದ್ದರೆ ತಾಯಿಯ ಜತೆ ಮೋಟೆಲು. ಅದಕ್ಕೆ 'ನಾನು ದಾಟಿ ಬಂದ ಕಷ್ಟ' ಎಂದು ಪ್ರಬಂಧ ಬರೆಯಬೇಕು. ಗೆದ್ದವರು ಸಂಘದ ವಾರ್ಷಿಕ ಊಟದಲ್ಲಿ ಅದನ್ನು ಎಲ್ಲರೆದುರು ಓದಬೇಕು. ಓದಿದ ಮೇಲೇ ಚೆಕ್ಕು.

ಕೆಂಡ್ರಾ ಗೆದ್ದಳು. ಏನು ಬರೆದೆ ಎಂದು ತಾಯಿ ಕೇಳಿದರೆ, "ಅಲ್ಲೇ ಕೇಳ್ತೀಯಲ್ಲಮ್ಮ" ಎಂದು ಜಾರಿಕೊಂಡಳು.

ಹ್ಯಾಮ್, ಆಲೂಗಡ್ಡೆ, ಬೀನ್ಸ್ ಬಡಿಸಿದ್ದರು. ಪತ್ರಿಕೆಯಿಂದ ಫೋಟೋದವನೊಬ್ಬ ಬಂದಿದ್ದ. ಓಪಲ್ ನನ್ನ ನೀಲಿ ಗೌನು ತೊಟ್ಟು ಬಂದು ನನ್ನ ಪಕ್ಕದಲ್ಲೇ ಕೂತಿದ್ದಳು. ಕೆಂಡ್ರಾ ಮೈಕಿನ ಮುಂದೆ ಓದತೊಡಗಿದಳು.

"ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ತಾಯಿ ನಾಲ್ಕು ತಿಂಗಳು ಜೈಲಿನಲ್ಲಿದ್ದಳು. ಗಣಿಯಲ್ಲಿ ಬೆನ್ನು ಮುರಿದುಕೊಂಡ ತಂದೆಯ ನೋವಿನ ಮಾತ್ರೆಗಳನ್ನು ಮಾರಿದ್ದಕ್ಕೆ."

ತಿನ್ನುತ್ತಿದ್ದವರೆಲ್ಲ ನಮ್ಮ ಮೇಜಿನ ಕಡೆ ತಿರುಗಿದರು. ಈ ಕಣಿವೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಯಾರೂ ಓಪಲ್ ಎದುರಿಗೆ ಆಡಿರಲಿಲ್ಲ. ಆಗ ಓಹಾಯೋದಲ್ಲಿ ಕೂಲಿಗಿದ್ದ ನನಗೂ ಸುದ್ದಿ ಮುಟ್ಟಿತ್ತು.

"ಹನ್ನೊಂದು," ಎಂದಳು ಓಪಲ್ ಕೂತಲ್ಲಿಂದಲೇ. "ನಾಲ್ಕಲ್ಲ ಕಣೇ, ಹನ್ನೊಂದು ತಿಂಗ್ಳು. ಹೇಳೋದಾದ್ರೆ ಸರಿಯಾಗಿ ಹೇಳು."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕೆಂಡ್ರಾ ಕಾಗದದಿಂದ ತಲೆ ಎತ್ತದೆ ಮುಂದುವರಿಸಿದಳು: "ಅಪ್ಪ ಹಾಸಿಗೆಯಿಂದ ಏಳುತ್ತಿರಲಿಲ್ಲ. ರಾತ್ರಿ ಊಟಕ್ಕೆ ಬ್ರೆಡ್ಡಿಗೆ ಬರೀ ಸಾಸಿವೆ ಸಾಸ್ ಸವರಿ ತಮ್ಮನಿಗೆ ಕೊಡುತ್ತಿದ್ದೆ. ಅಮ್ಮನಿಗೆ ಇದನ್ನು ಯಾವತ್ತೂ ಹೇಳಿಲ್ಲ."

ಆಗ ಓಪಲ್‌ಳ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ನನ್ನ ಮಣಿಕಟ್ಟನ್ನು ಉಗುರು ನೆಡುವಂತೆ ಹಿಡಿದಳು.

ಓದು ಮುಗಿಯಿತು. ಇಡೀ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಬೀದಿಯಲ್ಲಿ ಬಡಿದಾಡಿದವಳು ನಾನು, ಇಂಥದ್ದನ್ನು ನೋಡಿರಲಿಲ್ಲ. ಹಸಿದ ಮಕ್ಕಳ ಕತೆಗೆ, ಹೊಟ್ಟೆ ತುಂಬಿದವರ ಚಪ್ಪಾಳೆ!

ಓಪಲ್ ಎದ್ದಳು.

"ಯಾತಕ್ಕೆ ತಟ್ತಿದೀರಿ?"

ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ನನ್ ಮಕ್ಳು ಸಾಸ್ವೆ ಬ್ರೆಡ್ ತಿಂದಿದ್ದು ನಂಗೆ ಈಗ್ ಗೊತ್ತಾಯ್ತು. ನಾನು ಒಳಗಿದ್ದೆ. ನೀವೆಲ್ಲಿದ್ರಿ? ಅರ್ಧ ಜನ ನಮ್ ಬೀದಿಯವ್ರೇ. ಒಂದು ಬಟ್ಲು ಬೀನ್ಸ್ ಕಳ್ಸೋಕೆ ಕೈ ಬರ್ಲಿಲ್ಲ, ಈಗ ತಟ್ಟೋಕೆ ಬಂತಾ?"

ಕೆಂಡ್ರಾ ಮೈಕು ಬಿಡದೆ, "ಅಮ್ಮಾ, ಬೇಡ" ಎಂದಳು.

ಸಂಘದ ಅಧ್ಯಕ್ಷೆ ಮಿಸೆಸ್ ಬೆಂಟನ್ ಚೆಕ್ಕಿನ ಲಕೋಟೆಯನ್ನು ಎದೆಗವಚಿಕೊಂಡು, "ಓಪಲ್, ಕೂತ್ಕೊಳ್ಳಿ. ಆಪಲ್ ಪೈ ಬರ್ತಿದೆ" ಎಂದರು.

"ಪೈ ಹಾಳಾಗ್ಲಿ. ಓದ್ಬೇಕು ಅಂದ್ರಿ, ಹುಡ್ಗಿ ಓದಿದಾಳೆ. ಕೊಡಿ."

ಅಧ್ಯಕ್ಷೆಯ ಕೈ ಅಲುಗಲಿಲ್ಲ. ಅವರು ಒಮ್ಮೆ ಓಪಲ್‌ಳನ್ನು, ಒಮ್ಮೆ ಪತ್ರಿಕೆಯ ಫೋಟೋದವನನ್ನು ನೋಡಿದರು. ಅವನು ಕ್ಯಾಮೆರಾ ಎತ್ತಿದ. ಲಕೋಟೆ ಕೆಂಡ್ರಾಳ ಕೈಗೆ ಬಂತು.

ನನ್ನ ಗಾಡಿಯಲ್ಲಿ ಮೂವರೂ ಮುಂದಿನ ಸೀಟಿನಲ್ಲೇ ಒತ್ತಿ ಕೂತು ಹೊರಟೆವು.

"ಚೆಕ್ ಕೈ ಬಿಟ್ಟು ಹೋಗ್ತಿತ್ತು ಕಣಮ್ಮ," ಎಂದಳು ಕೆಂಡ್ರಾ.

"ನಂಗೆ ಒಂದ್ಸಲ ಮೊದ್ಲೇ ತೋರಿಸ್ಬೇಕಿತ್ತು ನೀನು."

"ತೋರಿಸಿದ್ರೆ ಅದನ್ನ ಸಂಘಕ್ಕೆ ಕಳ್ಸೋಕೆ ಬಿಡ್ತಿದ್ಯಾ?"

ಓಪಲ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಿಡುತ್ತಿರಲಿಲ್ಲ, ಗಾಡಿಯಲ್ಲಿದ್ದ ಮೂವರಿಗೂ ಅದು ಗೊತ್ತಿತ್ತು.