ದೊಡ್ಡಪ್ಪನ ಕಾಲಿನ ಹೆಬ್ಬೆರಳು

ನಮ್ಮ ದೊಡ್ಡಪ್ಪ ನಲ್ಲಿ ರಿಪೇರಿಯವರು. ನಲವತ್ತು ವರ್ಷ ಕಂಡವರ ಮನೆಯ ಸಿಂಕುಗಳ ಕೆಳಗೆ ಮಂಡಿಯೂರಿ ಅವರ ಬಲಮಂಡಿ ಮಡಚಲಾಗದಂತೆ ಬಿಗಿದುಹೋಗಿತ್ತು. ಅಷ್ಟು ಹೊತ್ತು ಪ್ರಾರ್ಥನೆಗೆ ಮಂಡಿಯೂರಿದ್ದರೆ ಇಷ್ಟರಲ್ಲಿ ಸಂತರಾಗಿರುತ್ತಿದ್ದಿರಿ ಎಂದು ದೊಡ್ಡಮ್ಮ ಹಂಗಿಸುತ್ತಿದ್ದಳು. ಆದರೆ ಅವರ ಕೆಲಸದತ್ತ ಯಾರೂ ಬೆರಳು ತೋರಿಸುವಂತಿರಲಿಲ್ಲ. ಪೈಪು ಜೋಡಿಸಿ, ನೀರು ಬಿಟ್ಟು, ಚೆನ್ನಾಗಿ ಒರೆಸಿಕೊಂಡ ಬೆರಳನ್ನು ಜಾಯಿಂಟಿನ ಸುತ್ತ ಆಡಿಸುತ್ತಿದ್ದರು. ಬೆರಳು ಒಣಗಿಯೇ ಬಂದರೆ ಚೀಲ ಎತ್ತಿಕೊಂಡು ಹೊರಟರು. ತೇವ ತಗುಲಿತೋ, ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಒಂದೆರಡು ಹನಿ ತಾನೆ ಬಿಡಿ ಎಂದ ಮನೆಯವರ ಮೇಲೆ ಅವರು ಸಿಡುಕಿದ್ದನ್ನು ನಾನೇ ಕಂಡಿದ್ದೇನೆ.

ಈ ಶಿಸ್ತೆಲ್ಲ ಪೈಪಿಗೆ ಮಾತ್ರ. ಆತ್ಮದ ರಕ್ಷಣೆಯ ವಿಷಯಕ್ಕೆ ಬಂದರೆ ಅವರಂಥ ಸೋಮಾರಿ ಇನ್ನೊಬ್ಬರಿಲ್ಲ. ಹಸುಗೂಸಾಗಿದ್ದಾಗ ಹಳೆಯ ಚರ್ಚಿನ ಪಾದ್ರಿ ದೀಕ್ಷಾಸ್ನಾನವೆಂದು ನೆತ್ತಿಗೆ ಮೂರು ಹನಿ ಚಿಮುಕಿಸಿದ್ದೇ ಕೊನೆ, ಅಲ್ಲಿಂದಾಚೆಗೆ ಎಲ್ಲವೂ ಕೃಪೆ. ಯೇಸು ಶಿಲುಬೆಯ ಮೇಲೆಯೇ ಕನೆಕ್ಷನ್ ಕೊಟ್ಟು ಮುಗಿಸಿದ್ದಾನೆ, ಮತ್ತೆ ನಾನೇಕೆ ನೆಲ ಅಗೆಯಲಿ ಎನ್ನುವುದು ಅವರ ದೇವಶಾಸ್ತ್ರ. ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಅದನ್ನೇ ನಂಬಿಕೊಂಡು ಗೊರಕೆ ಹೊಡೆಯುತ್ತಿದ್ದರು.

ದೊಡ್ಡಮ್ಮ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ನಿಯಮವೆಂದರೆ ಪ್ರಾಣ. ಅಳತೆ ಮೀರಿದ ಪಾರ್ಸೆಲನ್ನು ಸ್ವಂತ ತಮ್ಮನ ಕೈಗೇ ವಾಪಸು ತುರುಕಿದ್ದಳು. ನಿವೃತ್ತಿಯ ಮರುವರ್ಷ ಮನೆಗೆ ಬಂದ ಪ್ರಚಾರಕರ ಮಾತು ಕೇಳಿ ಮಾರ್ಮನ್ ಎಂಬ ಬೇರೊಂದು ಕ್ರೈಸ್ತ ಪಂಗಡಕ್ಕೆ ಸೇರಿದಳು. ಅಲ್ಲಿ ಕಾಫಿ, ಟೀ ಎರಡೂ ನಿಷಿದ್ಧ. ಮರುದಿನದಿಂದ ಅಡುಗೆಮನೆಯಲ್ಲಿ ಕಾಫಿಯಿಲ್ಲ, ಟೀಯಿಲ್ಲ. ಕೃಪೆ ಬೇಕೇ ಬೇಕು, ಆದರೆ ದೇವರು ಹೇಳಿದ್ದನ್ನು ಮಾಡದೆ ಕುಳಿತವರಿಗೆ ಅದು ಪೂರ್ತಿ ದಕ್ಕುವುದಿಲ್ಲ ಎಂಬುದು ಅವಳ ಹೊಸ ಪಾಠ.

"ಕನೆಕ್ಷನ್ ಕೊಟ್ಟಿದ್ದಾನೆ ಸರಿ," ಅನ್ನುತ್ತಿದ್ದಳು. "ನಲ್ಲಿ ತಿರುಗಿಸೋಕಾದ್ರೂ ನೀವು ಕೈ ಎತ್ತಬೇಕಲ್ಲ ರೀ?"

ದೊಡ್ಡಪ್ಪ ಪಕ್ಕದ ಬೀದಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು.

ಇಷ್ಟೇ ಆಗಿದ್ದರೆ ನಗುತ್ತಾ ಕಾಲ ಕಳೆಯಬಹುದಿತ್ತು. ಆದರೆ ಮಾರ್ಮನ್ನರು ತಮ್ಮ ದೇವಾಲಯದಲ್ಲಿ ದಂಪತಿಗಳನ್ನು ಸಾವಿನಾಚೆಗೂ ಗಂಡಹೆಂಡತಿಯಾಗಿ ಬೆಸೆಯುತ್ತಾರೆ, ಅದಕ್ಕೆ ಮೊದಲು ಇಬ್ಬರೂ ಅವರ ರೀತಿಯ ದೀಕ್ಷಾಸ್ನಾನ ಪಡೆದಿರಬೇಕು. ದೊಡ್ಡಮ್ಮನಿಗೆ ಬೇಕಿದ್ದದ್ದು ಅದೊಂದೇ. ಇಲ್ಲಿ ಮೂವತ್ತೆಂಟು ವರ್ಷ ಒಟ್ಟಿಗೆ ಬಾಳಿದ್ದು ಸಾಲದೇ ಎಂದು ದೊಡ್ಡಪ್ಪ ಎರಡು ವರ್ಷ ಮಾತು ಹಾರಿಸಿಬಿಟ್ಟರು. ಒಂದು ಬೆಳಿಗ್ಗೆ ಅವಳು ಬಟ್ಟೆ ಮಡಚುತ್ತಾ, ತಲೆ ಎತ್ತದೆ, "ನಾನಿಲ್ದೆ ನೀವು ಅಲ್ಲಿ ಏನ್ ಮಾಡ್ತೀರಿ?" ಎಂದು ಕೇಳಿದಳಂತೆ. ಆಗ ತಮಗೆ ಒಂದು ತಮಾಷೆಯೂ ಹೊಳೆಯಲಿಲ್ಲ ಎಂದು ದೊಡ್ಡಪ್ಪ ನನ್ನ ಹತ್ತಿರ ಒಪ್ಪಿಕೊಂಡರು. ಭಯವಾಯಿತಂತೆ, ಸ್ನಾನಕ್ಕೆ ಹೂಂ ಎಂದುಬಿಟ್ಟರಂತೆ.

ಶನಿವಾರ ದೀಕ್ಷಾಸ್ನಾನ. ಅವರಲ್ಲಿ ಸಂಬಳದ ಪಾದ್ರಿಗಳಿಲ್ಲ, ಬಿಷಪ್ ಎಂದರೆ ವಾರವಿಡೀ ಕನ್ನಡಕ ಮಾರುವ ಮನುಷ್ಯ. ತೊಟ್ಟಿ ಸೊಂಟದಾಳ. ಮೈಯೆಲ್ಲ ಮುಳುಗಬೇಕು, ಕೂದಲೆಳೆ ಹೊರಗುಳಿದರೂ ಮತ್ತೆ ಮಾಡಬೇಕು, ಅದನ್ನು ನೋಡಲು ಎರಡೂ ಬದಿಗೆ ಇಬ್ಬರು ಸಾಕ್ಷಿಗಳು. ಒಂದು ಬದಿಗೆ ನಿವೃತ್ತ ನರ್ಸಮ್ಮ, ಇನ್ನೊಂದು ಬದಿಗೆ ದೊಡ್ಡಮ್ಮ. ಗಂಡನ ವಿಷಯದಲ್ಲಿ ಅವಳಷ್ಟು ಕಣ್ಣಿಟ್ಟ ಸಾಕ್ಷಿ ಇನ್ನೆಲ್ಲಿ ಸಿಗಬೇಕು?

ಬಿಳಿ ಬಟ್ಟೆಯ ದೊಡ್ಡಪ್ಪನನ್ನು ಬಿಷಪ್ ಹಿಂದಕ್ಕೆ ವಾಲಿಸಿದರು. ತಲೆ ಮುಳುಗಿತು, ಹೊಟ್ಟೆ ಮುಳುಗಿತು. ಆದರೆ ಮಂಡಿ ಮಡಚುವುದಿಲ್ಲವಲ್ಲ, ಬಲಗಾಲು ಸೆಟೆದುಕೊಂಡು ಮೇಲೆದ್ದು ಹೆಬ್ಬೆರಳು ನೀರಿನಿಂದ ಹೊರಗೆ ಇಣುಕಿತು. ದೊಡ್ಡಮ್ಮ ಆಗಲಿಲ್ಲವೆಂದು ತಲೆಯಾಡಿಸಿದಳು. ಎರಡನೇ ಸಲವೂ ಹೆಬ್ಬೆರಳು. ಮೂರನೇ ಸಲವೂ ಅದೇ. ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ದೊಡ್ಡಪ್ಪನಿಗೆ ಕೆಮ್ಮು ಹತ್ತಿತು, ಚಳಿಗೆ ತುಟಿ ಅದುರತೊಡಗಿತು. ಆಗ ನನ್ನ ನಗುವೂ ನಿಂತಿತು.

ನಾಲ್ಕನೇ ಸಲ ನೀರು ಅಲುಗಿ ನರ್ಸಮ್ಮನಿಗೆ ಸರಿಯಾಗಿ ಕಾಣಲಿಲ್ಲ. ಅವರು ದೊಡ್ಡಮ್ಮನ ಮುಖ ನೋಡಿದರು. ಹೆಬ್ಬೆರಳು ಎದ್ದದ್ದನ್ನು ನಾನು ಬಾಗಿಲ ಬಳಿಯಿಂದಲೇ ಕಂಡಿದ್ದೆ.

"ಪೂರ್ತಿ ಮುಳುಗಿದ್ರು," ಎಂದಳು ದೊಡ್ಡಮ್ಮ.

ಜೀವಮಾನದಲ್ಲಿ ಒಂದು ಗ್ರಾಂ ತೂಕ ಹೆಚ್ಚುಕಡಿಮೆ ಹೇಳದವಳು, ದೇವರ ಮನೆಯಲ್ಲಿ ನಿಂತು, ಎಲ್ಲರೆದುರು ಸುಳ್ಳು ಹೇಳಿದ್ದಳು. ಅವಳ ಲೆಕ್ಕದಲ್ಲೇ ಆ ಸ್ನಾನ ಸಲ್ಲದು, ಅದರ ಮೇಲೆ ಕಟ್ಟಬೇಕಾದ ಪರಲೋಕದ ಸಂಸಾರವೂ ಸಲ್ಲದು. ಅದೆಲ್ಲ ಅವಳಿಗೆ ಗೊತ್ತಿತ್ತು. ಗಂಡ ನಡುಗುವುದನ್ನು ನೋಡಲಾಗಲಿಲ್ಲ, ಅಷ್ಟೆ.

ಬಿಷಪ್ ಸಮಾಧಾನದ ಉಸಿರು ಬಿಟ್ಟರು. ದೊಡ್ಡಪ್ಪ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವರು ತಿರುಗಿದರು.

"ಬೆರಳಿಗೆ ಗಾಳಿ ತಗುಲ್ತು ಕಣೇ," ಎಂದರು. "ಸೋರಿದ್ದು ಸೋರಿದ್ದೇ. ಇನ್ನೊಂದ್ಸಲ ಮಾಡಿ ಬಿಷಪ್ರೇ."

ದೊಡ್ಡಮ್ಮ ಕೆಂಪಾದಳು. ತಾನು ಸುಳ್ಳು ಹೇಳಿದೆ, ತನ್ನ ಸಾಕ್ಷಿ ಬೇಡ ಎಂದು ಬಿಷಪ್ಪರಿಗೆ ತಿಳಿಸಿದಳು. ಮುಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಅವಳ ಜಾಗದಲ್ಲಿ ನಿಂತರು. ಅವಳು ಚಪ್ಪಲಿ ಬಿಟ್ಟು, ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆಯಲ್ಲೇ ತೊಟ್ಟಿಗೆ ಇಳಿದು, ಗಂಡನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. ಹಾಗೆ ಹಿಡಿಯಬಹುದೇ ಎಂದು ಬಿಷಪ್ ಕೈಪಿಡಿ ತರಿಸಿ ನೋಡಿದರು. ಹಿಡಿಯಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ.

ಐದನೇ ಸಲ ದೊಡ್ಡಪ್ಪ ಮುಳುಗಿದಾಗ ಅವಳ ಕೈಯೂ ಮೊಣಕೈತನಕ ಮುಳುಗಿತ್ತು. ನೀರಿನ ಮೇಲೆ ಏನೂ ಇರಲಿಲ್ಲ. ಸಾಕ್ಷಿಗಳಿಬ್ಬರೂ ಸರಿಯೆಂದು ತಲೆದೂಗಿದರೂ ದೊಡ್ಡಪ್ಪ ಅವರತ್ತ ನೋಡಲೇ ಇಲ್ಲ. ಮುಖದ ನೀರು ಒರೆಸಿಕೊಂಡು ಹೆಂಡತಿಯನ್ನೇ ಕೇಳಿದರು.

"ಸೋರಿತೇನೇ?"

"ಇಲ್ಲ," ಎಂದಳು ದೊಡ್ಡಮ್ಮ. ಹೆಬ್ಬೆರಳು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.